ಸಾಮಗ್ರಿಗಿಂತ ಮೊದಲು ಪಠ್ಯಕ್ರಮ

ದ್ವಿತೀಯ ಪಿಯುಸಿ ಓದುತ್ತಿರುವ ಅಕ್ಕನ ಮಗಳಿಗೆ ಎಂಜಿನಿಯರಿಂಗ್ ಪ್ರವೇಶಕ್ಕೆ ನಡೆಯುವ ಜೆಇಇ ಮೇನ್ ಪರೀಕ್ಷೆಯ ಅಧ್ಯಯನ ಸಾಮಗ್ರಿ ಒದಗಿಸುವ ಹೊಣೆಯನ್ನು ನಾನು ಹೊತ್ತುಕೊಂಡಾಗ, ಸಿಕ್ಕಿದ್ದನ್ನೆಲ್ಲ ಕೂಡಿಸಿಟ್ಟರೆ ಸಾಕೆಂದೇ ಭಾವಿಸಿದ್ದೆ. ಹಿಂದೆ ಪರೀಕ್ಷೆ ಬರೆದವರೊಬ್ಬರ ರಸಾಯನಶಾಸ್ತ್ರದ ಟಿಪ್ಪಣಿಗಳಲ್ಲಿ ಘನಸ್ಥಿತಿಯ ಅಧ್ಯಾಯ ಬಲು ಅಚ್ಚುಕಟ್ಟಾಗಿತ್ತು. ಯೂನಿಟ್ ಸೆಲ್‌ಗಳ ಚಿತ್ರ ಬಿಡಿಸುತ್ತ, ಸಾಂದ್ರತೆಯ ಲೆಕ್ಕ ಮಾಡುತ್ತ ಅವಳು ಒಂದು ವಾರವನ್ನೇ ಅದಕ್ಕೆ ಕೊಟ್ಟಳು. ಆ ಅಧ್ಯಾಯವನ್ನು 2024ರಲ್ಲಿಯೇ ಜೆಇಇ ಮೇನ್ ಪಠ್ಯಕ್ರಮದಿಂದ ಕೈಬಿಟ್ಟಿದ್ದಾರೆಂದು ನನಗೆ ಗೊತ್ತಾದದ್ದು ಆಮೇಲೆ. ಅವಳ ಆ ವಾರದ ಶ್ರಮ ನೆನೆದರೆ ಈಗಲೂ ಸಂಕಟವಾಗುತ್ತದೆ.

ಆದ್ದರಿಂದ ಯಾವ ಪುಸ್ತಕವನ್ನು ಕೊಳ್ಳುವ ಮೊದಲೂ ಆ ವರ್ಷದ ಅಧಿಕೃತ ಪಠ್ಯಕ್ರಮವನ್ನು ಮುದ್ರಿಸಿಕೊಂಡು ಎದುರಿಗಿಟ್ಟುಕೊಳ್ಳಬೇಕು. ಐಐಟಿ ಪ್ರವೇಶಕ್ಕೆ ಮೇನ್ ನಂತರದ ಜೆಇಇ ಅಡ್ವಾನ್ಸ್ಡ್ ಬರೆಯುವವರಿಗೆ ಅದರ ಪಠ್ಯಕ್ರಮ ಬೇರೆಯೇ ಇದೆ. ಆಮೇಲೆ ಬೇಕಾದದ್ದು ಎನ್‌ಸಿಇಆರ್‌ಟಿ ಪಠ್ಯಪುಸ್ತಕಗಳು: ಎರಡು ವರ್ಷಗಳ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಸೇರಿ 11 ಪುಸ್ತಕಗಳು. ಇವೂ, ಎಕ್ಸೆಂಪ್ಲರ್ ಎಂಬ ಸಮಸ್ಯಾಸಂಗ್ರಹಗಳೂ ಸಂಸ್ಥೆಯ ಜಾಲತಾಣದಲ್ಲಿ ಉಚಿತವಾಗಿ ದೊರೆಯುತ್ತವೆ.

ಹಳೆಯ ಪ್ರಶ್ನೆಪತ್ರಿಕೆಗಳನ್ನು ಪರೀಕ್ಷೆ ನಡೆಸುವ ಸಂಸ್ಥೆಗಳ ತಾಣಗಳಿಂದಲೇ, ಅಂತಿಮ ಕೀ ಉತ್ತರಗಳ ಸಮೇತ ಪಡೆಯುವುದು ಕ್ಷೇಮ. ಕೈಯಿಂದ ಕೈಗೆ ಬಂದ ಪಿಡಿಎಫ್ ಒಂದರಲ್ಲಿ, ಇಳಿಜಾರಿನಲ್ಲಿ ಜಾರದೆ ಉರುಳುವ ತಟ್ಟೆಯ ವೇಗೋತ್ಕರ್ಷ ಕೇಳಿದ್ದ ಪ್ರಶ್ನೆಗೆ ಜಿ ಸೈನ್ ಥೀಟಾದ ಅರ್ಧದಷ್ಟು ಎಂಬ ಉತ್ತರವಿತ್ತು. ಅದು ಬಳೆಯಾಕಾರದ ಉಂಗುರಕ್ಕೆ ಸಲ್ಲುವ ಉತ್ತರ. ತಟ್ಟೆಗೆ ಮೂರರಲ್ಲಿ ಎರಡು ಪಾಲು. ಹುಡುಗಿ ಸರಿಯಾಗಿಯೇ ಬಿಡಿಸಿದ್ದಳು, ಆದರೆ ಕೀ ಉತ್ತರವನ್ನು ನಂಬಿ ಮೂರು ಸಲ ಅಳಿಸಿ ಬರೆದು, ಆ ಜಾಗದ ಕಾಗದವೇ ತೆಳುವಾಗಿ ಹೋಗಿತ್ತು. ತಪ್ಪು ಕೀ ಉತ್ತರವು ಸಮಯವನ್ನಷ್ಟೇ ಅಲ್ಲ, ಮಕ್ಕಳ ಧೈರ್ಯವನ್ನೂ ಕಸಿಯುತ್ತದೆ.

ಸಿಇಟಿಗೂ ಅದೇ ಸಾಮಗ್ರಿ ಸಾಕೇ ಎಂದು ಅವಳ ಗೆಳತಿಯರು ಕೇಳುತ್ತಾರೆ. ಪಠ್ಯಪುಸ್ತಕ ಸಾಕು, ಅಭ್ಯಾಸದ ಪತ್ರಿಕೆಗಳು ಮಾತ್ರ ಬೇರೆಯೇ ಇರಬೇಕು. ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 80 ನಿಮಿಷಗಳಲ್ಲಿ 60 ಪ್ರಶ್ನೆಗಳಿದ್ದು, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಜೆಇಇ ಮೇನ್‌ನಲ್ಲಿ ಮೂರು ಗಂಟೆಗೆ 75 ಪ್ರಶ್ನೆಗಳು, ತಪ್ಪಿದರೆ ಒಂದು ಅಂಕ ಕಡಿತ. ಜೆಇಇ ಮೇನ್ ಪ್ರಶ್ನೆಪತ್ರಿಕೆ 2021ರಿಂದ ಕನ್ನಡದಲ್ಲಿಯೂ ಲಭ್ಯವಿರುವುದರಿಂದ, ಪಾರಿಭಾಷಿಕ ಪದಗಳನ್ನು ಎರಡೂ ಭಾಷೆಗಳಲ್ಲಿ ಬರೆದಿಟ್ಟುಕೊಳ್ಳುವಂತೆ ಅವರಿಗೆ ಹೇಳಿದ್ದೇನೆ.

ಈಗ ಅವಳ ಮೇಜಿನ ಮುಂದಿನ ಗೋಡೆಗೆ ಪಠ್ಯಕ್ರಮದ ಹಾಳೆಗಳನ್ನು ಅಂಟಿಸಿದ್ದೇವೆ. 2023ರ ಪತ್ರಿಕೆಯಲ್ಲಿ ಘನಸ್ಥಿತಿಯ ಪ್ರಶ್ನೆ ಎದುರಾದರೆ, ಅವಳೇ ತಲೆಯೆತ್ತಿ ಒಮ್ಮೆ ಗೋಡೆ ನೋಡಿ, ಪೆನ್ಸಿಲ್‌ನಿಂದ ಅಡ್ಡಗೆರೆ ಎಳೆದು ಮುಂದಕ್ಕೆ ಹೋಗುತ್ತಾಳೆ.