ಗಿಟಾರ್ ಎಫೆಕ್ಟ್‌ಗಳಿಗೊಂದು ಪ್ರಯೋಗದ ಹಲಗೆ

ಮೊದಲ ವಾರಾಂತ್ಯ

ಎರಡು ಟ್ರಾನ್ಸಿಸ್ಟರಿನ ಫಝ್ (ಗಿಟಾರಿನ ಸದ್ದನ್ನು ಒರಟಾಗಿಸುವ ಎಫೆಕ್ಟ್) ಒಂದನ್ನು ಬ್ರೆಡ್‌ಬೋರ್ಡಿನಲ್ಲಿ, ಅಂದರೆ ಬೆಸುಗೆಯಿಲ್ಲದೆ ಭಾಗಗಳನ್ನು ಚುಚ್ಚಿ ಜೋಡಿಸುವ ತೂತುಗಳ ಬೋರ್ಡಿನಲ್ಲಿ, ಕಟ್ಟಲು ಕಾಲು ಗಂಟೆ ಸಾಕು. ಅದರ ಸದ್ದು ಕೇಳಲು ಮಾತ್ರ ಪ್ರತಿ ಸಲವೂ ಒಂದು ಗಂಟೆ ಹಿಡಿಯುತ್ತಿತ್ತು. ಜ್ಯಾಕಿಗೆ ಕಚ್ಚಿಸಿದ ಕ್ಲಿಪ್ ಕಳಚಿಕೊಳ್ಳುತ್ತದೆ, ಪಾಟಿನ (ತಿರುಗಿಸಿ ರೆಸಿಸ್ಟೆನ್ಸ್ ಬದಲಿಸುವ ಗುಂಡಿಯ) ಚಪ್ಪಟೆ ಕಾಲು ತೂತಿನಲ್ಲಿ ನಿಲ್ಲುವುದಿಲ್ಲ, ಗಿಟಾರಿನ ಕೇಬಲನ್ನು ಸ್ವಲ್ಪ ಎಳೆದರೆ ಬೋರ್ಡೇ ಮೇಜಿನ ಮೇಲೆ ಸರಿದಾಡುತ್ತದೆ. ಯಾವ ಎಫೆಕ್ಟ್ ಕಟ್ಟಿದರೂ ಜ್ಯಾಕ್, ವಿದ್ಯುತ್, ಪಾಟ್, ಎಫೆಕ್ಟನ್ನು ಬದಿಗಿಟ್ಟು ಗಿಟಾರಿನ ಸದ್ದನ್ನು ನೇರವಾಗಿ ಕಳಿಸುವ ಬೈಪಾಸ್ ಸ್ವಿಚ್ ಇವು ಬೇಕೇ ಬೇಕು. ಆದ್ದರಿಂದ ಅವನ್ನೆಲ್ಲ ಒಂದು ಹಲಗೆಗೆ ಶಾಶ್ವತವಾಗಿ ಬಿಗಿದು, ನಡುವಿನ ಬ್ರೆಡ್‌ಬೋರ್ಡನ್ನು ಮಾತ್ರ ಪ್ರಯೋಗಕ್ಕೆ ಬಿಡುವುದೆಂದು ತೀರ್ಮಾನಿಸಿದೆ.

ಪ್ಲೈವುಡ್ ತುಂಡಿನ ಮೇಲೆ ಅಲ್ಯೂಮಿನಿಯಂ ತಗಡು ಹೊದಿಸಿ, ಅದರ ಮುಂದಿನ ಅಂಚನ್ನು ಮೇಲಕ್ಕೆ ಬಗ್ಗಿಸಿದ್ದೇನೆ. ಜ್ಯಾಕುಗಳಿಗೆ 9.5 ಮಿ.ಮೀ., ಪಾಟುಗಳಿಗೆ 7 ಮಿ.ಮೀ., ಕಾಲಿನಿಂದ ಒತ್ತುವ ಸ್ವಿಚ್‌ಗೆ 12 ಮಿ.ಮೀ. ತೂತು. ತಗಡು ಗ್ರೌಂಡಿಗೆ ಸೇರಿರುವುದರಿಂದ ಪಾಟುಗಳ ಲೋಹದ ಮೈಯೂ ತಾನಾಗಿ ಗ್ರೌಂಡ್ ಆಗುತ್ತದೆ, ಸುತ್ತಲಿನ ವಿದ್ಯುತ್ ತಂತಿಗಳಿಂದ ಬರುವ ಗುಂಯ್‌ಗುಡುವಿಕೆ ಅಷ್ಟರ ಮಟ್ಟಿಗೆ ಇಳಿಯುತ್ತದೆ.

ಲೋಹದ ತಗಡು ಬಳಸುವವರು ಒಂದು ವಿಷಯವನ್ನು ಮರೆಯಲೇಬಾರದು. ಗಿಟಾರ್ ಎಫೆಕ್ಟ್ ಪೆಡಲ್‌ಗಳ ರೂಢಿಯಂತೆ 9 ವೋಲ್ಟ್ ಅಡಾಪ್ಟರಿನ ಪಿನ್ನಿನ ನಡುಭಾಗ ಋಣ, ಹೊರಗಿನ ಕೊಳವೆ ಧನ. ಲೋಹದ ಮೈಯಿರುವ ಡಿಸಿ ಸಾಕೆಟ್ಟನ್ನು ಈ ತಗಡಿಗೆ ಬಿಗಿದರೆ ಧನ ತುದಿ ನೇರವಾಗಿ ಗ್ರೌಂಡಿಗೆ ಅಂಟಿಕೊಂಡು ಅಡಾಪ್ಟರ್ ಶಾರ್ಟ್ ಆಗುತ್ತದೆ. ಪ್ಲಾಸ್ಟಿಕ್ ಮೈಯ ಸಾಕೆಟ್ಟೇ ಬೇಕು.

ಎರಡನೆಯ ವಾರ

ವಿದ್ಯುತ್ತಿನ ಭಾಗ ಮುಗಿಯಿತು. ತಂತಿ ತಿರುಗುಮುರುಗಾದರೆ ಭಾಗಗಳು ಸುಡದಂತೆ ಸರಣಿಯಲ್ಲಿ ಒಂದು 1ಎನ್5817 ಡಯೋಡ್, ನಂತರ 100 ಮೈಕ್ರೋಫ್ಯಾರಡ್ ಮತ್ತು 100 ನ್ಯಾನೋಫ್ಯಾರಡ್ ಕೆಪಾಸಿಟರುಗಳು. ಆಪ್-ಆ್ಯಂಪ್ (ಸಂಕೇತವನ್ನು ಹಿಗ್ಗಿಸುವ ಚಿಪ್) ಸರ್ಕ್ಯೂಟುಗಳಿಗೆ ಬೇಕಾಗುವ ಅರ್ಧ ವೋಲ್ಟೇಜಿಗಾಗಿ ಎರಡು 10 ಕಿಲೋಓಮ್ ರೆಸಿಸ್ಟರ್ ಮತ್ತು 47 ಮೈಕ್ರೋಫ್ಯಾರಡ್ ಇಟ್ಟು, ಅದನ್ನು ಪ್ರತ್ಯೇಕ ತಿರುಪಿನ ಟರ್ಮಿನಲ್ಲಿಗೆ ತಂದಿದ್ದೇನೆ. ಹಳೆಯ ಜರ್ಮೇನಿಯಂ ಪಿಎನ್‌ಪಿ ಟ್ರಾನ್ಸಿಸ್ಟರಿನ ಫಝ್‌ಗಳಲ್ಲಿ ಧನ ತುದಿಯೇ ಗ್ರೌಂಡ್. ಅವಕ್ಕೆ ಈ ಅಡಾಪ್ಟರ್ ಹೊಂದುವುದಿಲ್ಲ, ಹಾಗಾಗಿ ಬ್ಯಾಟರಿಗೆ ಬೇರೆಯೇ ಎರಡು ಟರ್ಮಿನಲ್ ಇವೆ.

ಪಾಟುಗಳು ಆರು: ಲೀನಿಯರ್ (ತಿರುಗಿಸಿದಷ್ಟೇ ಸಮನಾಗಿ ಬದಲಾಗುವ) 10 ಕೆ, 100 ಕೆ, 500 ಕೆ, ಲಾಗ್ (ಕಿವಿಗೆ ಸಮನಾಗಿ ಕೇಳುವಂತೆ ಬದಲಾಗುವ) 100 ಕೆ, 500 ಕೆ, 1 ಎಂ (ಕೆ ಎಂದರೆ ಕಿಲೋಓಮ್, ಎಂ ಎಂದರೆ ಮೆಗಾಓಮ್). ಒಂದೊಂದರ ಮೂರು ಕಾಲಿಗೂ ಗಟ್ಟಿ ಒಂಟಿ ಎಳೆಯ ತಂತಿ ಬೆಸುಗೆ ಹಾಕಿ ಟರ್ಮಿನಲ್ಲಿಗೆ ಎಳೆದಿದ್ದೇನೆ. ಹಲವು ಎಳೆಗಳ ತಂತಿ ಬ್ರೆಡ್‌ಬೋರ್ಡಿನ ತೂತಿನಲ್ಲಿ ಮಡಚಿಕೊಳ್ಳುತ್ತದೆ, ಅದನ್ನು ಈ ಕೆಲಸಕ್ಕೆ ಬಳಸಬಾರದು.

ಅದೇ ವಾರ, ಸಂಜೆ

ಮೊದಲ ಪರೀಕ್ಷೆಯಲ್ಲೇ ಅರ್ಧ ಸರ್ಕ್ಯೂಟ್ ಸತ್ತಂತಿತ್ತು. ಎಡಗಡೆಯ ಬಫರ್ (ಗಿಟಾರಿನ ಸಂಕೇತವನ್ನು ಹಿಗ್ಗಿಸದೆ ಮುಂದಕ್ಕೆ ದಾಟಿಸುವ ಹಂತ) ಕೆಲಸ ಮಾಡುತ್ತಿದೆ, ಬಲಗಡೆಯ ಆಪ್-ಆ್ಯಂಪಿನಿಂದ ಬರೀ ಗುಂಯ್‌ಗುಡುವ ಸದ್ದು. ಚಿಪ್ ಬದಲಿಸಿದೆ, ಬೆಸುಗೆಗಳನ್ನು ಒಂದೊಂದಾಗಿ ನೋಡಿದೆ, ಎಲ್ಲವೂ ಸರಿಯಿತ್ತು. ಕೊನೆಗೆ ಮಲ್ಟಿಮೀಟರಿನ ಕಡ್ಡಿಯನ್ನು ವಿದ್ಯುತ್ ಸಾಲಿನ ಉದ್ದಕ್ಕೂ ಒಂದೊಂದೇ ತೂತಿಗೆ ಇಡುತ್ತಾ ಹೋದೆ. ಎಡ ಅರ್ಧದಲ್ಲಿ ಎಲ್ಲೆಡೆ 9 ವೋಲ್ಟಿನ ಆಸುಪಾಸು. ನಡುಭಾಗ ದಾಟಿದ ಕೂಡಲೇ ಸೊನ್ನೆ. ಬೋರ್ಡನ್ನು ಬೆಳಕಿಗೆ ಹಿಡಿದು ನೋಡಿದರೆ ಕೆಂಪು ಗೆರೆ ಸರಿಯಾಗಿ ಮಧ್ಯದಲ್ಲಿ ಒಂದು ಬೆರಳಿನಷ್ಟು ಅಗಲ ತುಂಡಾಗಿದೆ, ನೀಲಿಯದೂ ಹಾಗೆಯೇ. ಉದ್ದನೆಯ ಎಷ್ಟೋ ಬ್ರೆಡ್‌ಬೋರ್ಡುಗಳಲ್ಲಿ ಒಳಗಿನ ಲೋಹದ ಪಟ್ಟಿ ಹೀಗೆ ಎರಡು ಭಾಗವಾಗಿರುತ್ತದೆ. ನಾಲ್ಕು ಪುಟ್ಟ ತಂತಿಗಳಿಂದ ಸೇತುವೆ ಕಟ್ಟಿದ ಮೇಲೆ ಬಲಭಾಗಕ್ಕೂ ಜೀವ ಬಂತು.

ಮೂರನೆಯ ವಾರ

ಟ್ಯೂಬ್ ಸ್ಕ್ರೀಮರ್ ಎಂಬ ಹೆಸರಾಂತ ಓವರ್‌ಡ್ರೈವ್ ಪೆಡಲಿನ ಕ್ಲಿಪ್ಪಿಂಗ್ ಹಂತವನ್ನು, ಅಂದರೆ ಸದ್ದಿನ ಅಲೆಯ ತುದಿಗಳನ್ನು ಕತ್ತರಿಸುವ ಭಾಗವನ್ನು, ಕಟ್ಟಿದೆ. ಡ್ರೈವ್ ಪಾಟನ್ನು ಪೂರ್ತಿ ತಿರುಗಿಸಿದಾಗ ಅದರ ಗೇನ್ (ಸಂಕೇತ ಹಿಗ್ಗುವ ಪ್ರಮಾಣ) ಸುಮಾರು 118 ಪಟ್ಟು. ಅಷ್ಟು ಗೇನ್ ಇರುವಲ್ಲಿ ಒಳಬರುವ ತಂತಿ, ಹೊರಹೋಗುವ ತಂತಿ ಅಕ್ಕಪಕ್ಕ ಮಲಗಿದ್ದರೆ ಏನಾಗುತ್ತದೆಂದು ತಕ್ಷಣ ತಿಳಿಯಿತು: ಗಿಟಾರನ್ನು ಮುಟ್ಟದೆಯೇ ಕಿವಿ ಸೀಳುವ ಕೀರಲು. ಒಳಬರುವ ಜ್ಯಾಕನ್ನು ಹಲಗೆಯ ಬಲತುದಿಯಲ್ಲೇ ಬಿಟ್ಟು, ಹೊರಹೋಗುವುದನ್ನು ಎಡತುದಿಗೆ ಸರಿಸಿ, ಬ್ರೆಡ್‌ಬೋರ್ಡಿನವರೆಗಿನ ತಂತಿಗೆ ಶೀಲ್ಡ್ ಇರುವ ಕೇಬಲ್ ಹಾಕಿದೆ. ಕೀರಲು ಪೂರ್ತಿ ನಿಂತಿತು.

ಆಮೇಲಿನ ಒಂದು ಗಂಟೆಗಾಗಿಯೇ ನಾನು ಈ ಹಲಗೆಯನ್ನು ಕಟ್ಟಿದ್ದು. ಮೂಲ ಸರ್ಕ್ಯೂಟಿನಲ್ಲಿ 4.7 ಕಿಲೋಓಮ್ ಜೊತೆ 47 ನ್ಯಾನೋಫ್ಯಾರಡ್ ಇರುತ್ತದೆ. ಸುಮಾರು 720 ಹರ್ಟ್ಸ್‌ಗಿಂತ ಕೆಳಗೆ ಗೇನ್ ಇಳಿಯುತ್ತಾ ಹೋಗುತ್ತದೆ. ಆ 47ರ ಕೆಪಾಸಿಟರನ್ನು ಕಿತ್ತು 100 ನ್ಯಾನೋಫ್ಯಾರಡ್ ಇಟ್ಟೆ. ಈಗ ಆ ಗಡಿ ಸುಮಾರು 340 ಹರ್ಟ್ಸ್‌ಗೆ ಬಂತು, ದಪ್ಪ ತಂತಿಗಳ ಸದ್ದಿಗೆ ಮೈ ತುಂಬಿತು. 220 ಇಟ್ಟಾಗ ಒಂಟಿ ಸ್ವರ ಸೊಗಸಾಗಿತ್ತು, ಆದರೆ ಕಾರ್ಡ್ ನುಡಿಸಿದರೆ ಸ್ವರಗಳು ಒಂದಕ್ಕೊಂದು ಅಂಟಿಕೊಂಡು ಕೆಸರಾದವು. 1ಎನ್4148 ಡಯೋಡುಗಳನ್ನು ತೆಗೆದು ಎರಡು ಕೆಂಪು ಎಲ್‌ಇಡಿ ಚುಚ್ಚಿದಾಗ ಸದ್ದು ಗಮನಾರ್ಹವಾಗಿ ಜೋರಾಯಿತು, ಬೆರಳಿನ ಒತ್ತಡಕ್ಕೆ ಹೆಚ್ಚು ಸ್ಪಂದಿಸಿತು, ಏಕೆಂದರೆ ಎಲ್‌ಇಡಿಗಳು ಅಲೆಯ ತುದಿಯನ್ನು 0.6 ವೋಲ್ಟಿಗೆ ಬದಲು 1.7ರ ಹತ್ತಿರ ಕತ್ತರಿಸುತ್ತವೆ. ಇದನ್ನು ಎಷ್ಟು ಸಲ ಓದಿದ್ದರೂ, ಹತ್ತು ಸೆಕೆಂಡಿನ ಅಂತರದಲ್ಲಿ ಎರಡನ್ನೂ ಕೇಳಿದಾಗ ಆಗುವ ಸಂತೋಷ ಬೇರೆಯೇ.

ಈಗ ನಡೆಯುತ್ತಿರುವುದು

ಸದ್ದು ಎಲ್ಲಿ ಕಡಿದುಹೋಗಿದೆ ಎಂದು ಹುಡುಕಲು, ತುದಿಯಲ್ಲಿ 100 ನ್ಯಾನೋಫ್ಯಾರಡ್ ಇರುವ ಒಂದು ಕಡ್ಡಿಯನ್ನು ಹೊರಹೋಗುವ ಜ್ಯಾಕಿಗೆ ಸ್ವಿಚ್ ಮೂಲಕ ಜೋಡಿಸಿದ್ದೇನೆ. ಚಿಪ್ಪಿನ ಒಂದೊಂದೇ ಕಾಲಿಗೆ ಮುಟ್ಟಿಸಿದರೆ ಅಲ್ಲಿನ ಸದ್ದು ನೇರವಾಗಿ ಆ್ಯಂಪಿನಲ್ಲಿ ಕೇಳುತ್ತದೆ.

ಇನ್ನು ಬಾಕಿಯಿರುವುದು ಕೆಪಾಸಿಟರ್ ಆರಿಸುವ ಆರು ಹಂತದ ರೋಟರಿ ಸ್ವಿಚ್: 10, 22, 47, 100, 220, 470 ನ್ಯಾನೋಫ್ಯಾರಡ್. ಹಾಗೆಯೇ ಜೋಡಿಸಿದರೆ ತಿರುಗಿಸಿದಾಗಲೆಲ್ಲ ಸ್ಪೀಕರಿನಲ್ಲಿ ಟಪ್ಪೆಂದು ಸದ್ದಾಗುತ್ತದೆ, ಏಕೆಂದರೆ ಹೊಸದಾಗಿ ಸೇರಿದ ಕೆಪಾಸಿಟರಿನಲ್ಲಿ ಚಾರ್ಜ್ ಇರುವುದಿಲ್ಲ. ಸ್ವಿಚ್ಚಿನ ಪ್ರತಿ ಹಂತದ ಕಾಲಿನಿಂದ ಅದರ ನಡುಗಾಲಿಗೆ ಒಂದೊಂದು 2.2 ಮೆಗಾಓಮ್ ರೆಸಿಸ್ಟರ್ ಹಾಕಿದರೆ ಸರದಿ ಕಾಯುತ್ತಿರುವ ಕೆಪಾಸಿಟರುಗಳೂ ಚಾರ್ಜ್ ಆಗಿಯೇ ಇರುತ್ತವೆ. ಆರರಲ್ಲಿ ನಾಲ್ಕು ರೆಸಿಸ್ಟರುಗಳಿಗೆ ಬೆಸುಗೆ ಬಿದ್ದಿದೆ.