ಕಳ್ಳದೇವರ ಗುಹೆಗೆ ಹೋಗಿಬಂದದ್ದು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಈ ಪ್ರವಾಸದ ಕೊನೆಯ ದಿನ ಸುಳ್ಳು ಹೇಳಿ ಗಿಟ್ಟಿಸಿದ್ದು.

ತಮ್ಮ ಜರ್ಮನಿಯಿಂದ ಬಂದಿದ್ದ, ನಾನು ಬೆಂಗಳೂರಿನಿಂದ. ಅಥೆನ್ಸಿನಲ್ಲಿ ಸೇರಿಕೊಂಡೆವು. ಆಕ್ರೊಪೊಲಿಸ್ ನೋಡಿದೆವು, ಚೆನ್ನಾಗಿದೆ, ಅದರ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಹುಡುಕಿಕೊಂಡು ಹೋಗಿದ್ದು ಹರ್ಮೀಸನನ್ನು. ಗ್ರೀಕರ ದೇವರುಗಳಲ್ಲಿ ಮಹಾ ತುಂಟ, ಹುಟ್ಟಿದ ದಿನವೇ ಕಳ್ಳತನ ಮಾಡಿದವನು.

ಅವನನ್ನು ಹುಡುಕಲು ಕಷ್ಟಪಡಬೇಕಾಗಿಲ್ಲ. ಸಿಂಟಾಗ್ಮಾ ಚೌಕದಿಂದ ಇಳಿದುಹೋಗುವ ದೊಡ್ಡ ಅಂಗಡಿ ಬೀದಿಯ ಹೆಸರೇ ಎರ್ಮು, ಅಂದರೆ ಹರ್ಮೀಸನ ಬೀದಿ. 1861ರಲ್ಲಿ ಬಂದ ಗ್ರೀಸಿನ ಮೊದಲ ಅಂಚೆಚೀಟಿಯ ಮೇಲೂ ಅವನದೇ ತಲೆ. ವ್ಯಾಪಾರಿಗಳಿಗೂ ಅವನೇ ದೇವರು, ಕಳ್ಳರಿಗೂ ಅವನೇ. ದಾರಿಹೋಕರಿಗೆ ದಾರಿ ತೋರಿಸುವವನು ಅವನು, ಸತ್ತವರನ್ನು ಆ ಲೋಕಕ್ಕೆ ಕರೆದುಕೊಂಡು ಹೋಗುವವನೂ ಅವನೇ. ಒಬ್ಬನಿಗೇ ಇಷ್ಟೆಲ್ಲ ಖಾತೆ ಯಾಕೆ ಅಂತ ಯೋಚಿಸುತ್ತಾ ನಡೆಯುತ್ತಿದ್ದೆ. ಒಬ್ಬ ಹುಡುಗ ಬಂದು "ಗಿಫ್ಟ್, ಸಿಸ್ಟರ್" ಎನ್ನುತ್ತಾ ಕೈಗೆ ಬಣ್ಣದ ದಾರ ಕಟ್ಟಿಬಿಟ್ಟ. ಗಂಟು ಬಿದ್ದ ಮೇಲೆ ಹತ್ತು ಯೂರೋ ಕೇಳಿದ. ಚೌಕಾಸಿ ಮಾಡಿ ಐದು ಕೊಟ್ಟೆ, ಗೆದ್ದೆ ಅಂದುಕೊಂಡೆ. ಹತ್ತು ಹೆಜ್ಜೆ ಹೋದ ಮೇಲೆ ಎರಡು ಖಾತೆಯನ್ನು ಒಬ್ಬನಿಗೇ ಕೊಟ್ಟದ್ದು ಯಾಕೆ ಅಂತ ಅರ್ಥವಾಯಿತು.

ಹಳೆಯ ಪೇಟೆ ಚೌಕ ಅಗೋರಾದ ಮ್ಯೂಸಿಯಂನಲ್ಲಿ ಹರ್ಮ್ ಎಂಬ ಕಲ್ಲುಗಳ ಚೂರುಗಳಿವೆ. ಹರ್ಮ್ ಅಂದರೆ ಚೌಕಾಕಾರದ ಕಂಬ. ಮೇಲೆ ಹರ್ಮೀಸನ ತಲೆ, ನಡುವೆ ಪುರುಷಾಂಗ, ಅಷ್ಟೇ. ಮನೆ ಬಾಗಿಲಲ್ಲಿ, ದಾರಿ ಕೂಡುವಲ್ಲಿ, ಗಡಿಯಲ್ಲಿ ಇದನ್ನು ನೆಡುತ್ತಿದ್ದರು. ಕ್ರಿ.ಪೂ. 415ರಲ್ಲಿ, ಸಿಸಿಲಿ ಮೇಲೆ ದಂಡೆತ್ತಿ ಹಡಗುಗಳು ಹೊರಡುವ ಮುಂಚೆ, ಒಂದು ರಾತ್ರಿ ಯಾರೋ ಈ ಕಂಬಗಳ ಮುಖ ಒಡೆದುಹಾಕಿದರು. ಇಡೀ ಊರು ಹೆದರಿ ನಡುಗಿತಂತೆ. ಬಾಗಿಲು ಕಾಯಲು ಕಳ್ಳರ ದೇವರನ್ನೇ ನಿಲ್ಲಿಸುವುದು ನಮ್ಮ ಲೆಕ್ಕದಲ್ಲಿ ಕಳ್ಳನ ಕೈಗೆ ಬೀಗದಕೈ ಕೊಟ್ಟ ಹಾಗೆ. ಗ್ರೀಕರಿಗೆ ಹಾಗನ್ನಿಸಿರಲಿಲ್ಲ. ಗೋಡೆಯಲ್ಲಿ ಸಂದು ಎಲ್ಲಿದೆ ಅಂತ ಗೊತ್ತಿರುವವನು ಅವನೇ ಅಲ್ವಾ?

ಮರುದಿನ ರೈಲು ಹತ್ತಿ ಕೊರಿಂತ್ ದಾಟಿ ಕ್ಸಿಲೋಕಾಸ್ಟ್ರೊ ಎಂಬ ಕಡಲತೀರದ ಊರಿಗೆ ಹೋದೆವು. ಅಲ್ಲಿಂದ ಮೇಲೆ ಕಿಲ್ಲೀನಿ ಬೆಟ್ಟ, ಊರವರ ಬಾಯಲ್ಲಿ ಜೀರಿಯಾ. 2,300 ಮೀಟರಿಗಿಂತ ಎತ್ತರ. ಹರ್ಮೀಸ್ ಹುಟ್ಟಿದ್ದು ಈ ಬೆಟ್ಟದ ಗುಹೆಯಲ್ಲಂತೆ. ಮೇಲಕ್ಕೆ ಬಸ್ ಯಾವಾಗ ಅಂತ ಕೇಳಿದರೆ ಕಿಟಕಿಯ ಹಿಂದಿದ್ದವರು ಕೈ ಬೀಸಿ "ಆವ್ರಿಯೊ" ಅಂದರು. ನಾಳೆ ಅಂತ. ನನ್ನ ವಿಮಾನವೂ ನಾಳೆಯೇ.

ರಾತ್ರಿ ಮ್ಯಾನೇಜರಿಗೆ ಮೆಸೇಜ್ ಹಾಕಿದೆ: ಹೊಟ್ಟೆ ಕೆಟ್ಟಿದೆ, ವಿಮಾನ ಹತ್ತುವ ಸ್ಥಿತಿಯಲ್ಲಿಲ್ಲ. ಟಿಕೆಟ್ ಬದಲಾಯಿಸಲು ಎಷ್ಟಾಯಿತು ಅಂತ ಕೇಳಬೇಡಿ. ತಮ್ಮ ಮೀನು ಬಿಡಿಸುತ್ತಾ ನೋಡುತ್ತಿದ್ದ. "ಅಕ್ಕ, ಚಿಕ್ಕವರಿದ್ದಾಗ ಇದನ್ನೆಲ್ಲ ನಾನು ಮಾಡ್ತಿದ್ದೆ. ನೀನು ಹೋಗಿ ಅಮ್ಮನಿಗೆ ಹೇಳಿಬಿಡ್ತಿದ್ದೆ."

ಬೆಳಿಗ್ಗೆ ಬಸ್ಸಿನಲ್ಲಿ ತ್ರಿಕಲಾ ಎಂಬ ಹಳ್ಳಿಗೆ, ಅಲ್ಲಿಂದ ಟ್ಯಾಕ್ಸಿಯಲ್ಲಿ ಮೇಲಕ್ಕೆ, ಆಮೇಲೆ ಕಾಲ್ನಡಿಗೆ. ಗುಹೆಯ ಒಳಗೆ ತಣ್ಣಗೆ, ಒದ್ದೆ ಒದ್ದೆ. ಫೋನಿನ ಬೆಳಕಿನಲ್ಲಿ ಜಾಸ್ತಿ ದೂರ ಹೋಗಲು ಧೈರ್ಯ ಬರಲಿಲ್ಲ. ಬಾಯಿಯ ಹತ್ತಿರವೇ ಕೂತು ತಮ್ಮನಿಗೆ ಕಥೆ ಹೇಳಿದೆ.

ಬೆಳಿಗ್ಗೆ ಹುಟ್ಟಿದ ಮಗು. ಹೊಸಲು ದಾಟುತ್ತಿದ್ದ ಹಾಗೆ ಒಂದು ಆಮೆ ಎದುರಾಗುತ್ತದೆ. ಮಗು ನಗುತ್ತದೆ. ಆಮೆಯನ್ನು ಕೊಂದು ಚಿಪ್ಪಿಗೆ ಕುರಿಯ ಕರುಳಿನ ಏಳು ತಂತಿ ಬಿಗಿದು ಮಧ್ಯಾಹ್ನದ ಹೊತ್ತಿಗೆ ನುಡಿಸುತ್ತದೆ. ಸಂಜೆ ಅಣ್ಣ ಅಪೋಲೋನ ಐವತ್ತು ಹಸುಗಳನ್ನು ಕದಿಯುತ್ತದೆ. ಹೆಜ್ಜೆ ಗುರುತು ಉಲ್ಟಾ ಬೀಳಲಿ ಅಂತ ಹಸುಗಳನ್ನು ಹಿಂದು ಹಿಂದಕ್ಕೆ ನಡೆಸುತ್ತದೆ, ತನ್ನ ಕಾಲಿಗೆ ಸೊಪ್ಪುಸದೆಯ ಚಪ್ಪಲಿ ಹೆಣೆದುಕೊಳ್ಳುತ್ತದೆ. ಎರಡು ಹಸು ಕಡಿದು, ಸುಟ್ಟು, ಮಾಂಸವನ್ನು ಹನ್ನೆರಡು ಪಾಲು ಮಾಡುತ್ತದೆ. ವಾಸನೆಗೆ ಬಾಯಲ್ಲಿ ನೀರೂರುತ್ತದೆ, ಆದರೆ ಒಂದು ಚೂರೂ ತಿನ್ನುವುದಿಲ್ಲ.

ನನಗೆ ಇಡೀ ಕಥೆಯ ಗುಟ್ಟು ಇಲ್ಲೇ ಇದೆ ಅನ್ನಿಸುತ್ತದೆ. ನಮ್ಮ ಕೃಷ್ಣ ಬೆಣ್ಣೆ ಕದ್ದು ತಿನ್ನುತ್ತಾನೆ, ಗೆಳೆಯರಿಗೂ ಹಂಚುತ್ತಾನೆ. ಈ ಮಗು ತಿನ್ನುವುದಿಲ್ಲ. ದೊಡ್ಡ ದೇವರುಗಳು ಹನ್ನೆರಡು ಜನ, ಹನ್ನೆರಡನೆಯವನು ತಾನೇ. ದೇವರಾದವನು ಮಾಂಸ ತಿನ್ನುತ್ತಾನೆಯೇ? ಅದಕ್ಕೆ ಬೇಕಿದ್ದದ್ದು ಊಟ ಅಲ್ಲ, ಪಂಕ್ತಿಯಲ್ಲಿ ಒಂದು ಎಲೆ. ತಾಯಿ ಮಾಯಾ ಬೈದಾಗಲೂ ಅದನ್ನೇ ಹೇಳುತ್ತದೆ: ಈ ಗುಹೆಯಲ್ಲಿ ಹೀಗೇ ಬಿದ್ದಿರುವುದಿಲ್ಲ, ಅಪ್ಪ ಮರ್ಯಾದೆ ಕೊಡದಿದ್ದರೆ ಕಳ್ಳರ ನಾಯಕನಾಗುತ್ತೇನೆ.

ಮನಶ್ಶಾಸ್ತ್ರಜ್ಞ ಯೂಂಗ್ 1954ರಲ್ಲಿ ಇಂಥ ತುಂಟರ ಬಗ್ಗೆ ಬರೆದಿದ್ದಾರೆ. ಸಮಾಜ ತನ್ನಲ್ಲೇ ಇಟ್ಟುಕೊಂಡು ಒಪ್ಪಿಕೊಳ್ಳದ ಗುಣಗಳೆಲ್ಲ ಸೇರಿ ಆದ ನೆರಳು ಈ ತುಂಟ ಎನ್ನುತ್ತಾರೆ. ಅವರ ಮುಂದಿದ್ದದ್ದು ಮುಖ್ಯವಾಗಿ ಅಮೆರಿಕದ ಮೂಲನಿವಾಸಿಗಳ ಕಥೆಗಳು. ಹರ್ಮೀಸನಿಗೆ ಆ ಮಾತು ಅರ್ಧ ಮಾತ್ರ ಹೊಂದುತ್ತದೆ. ಇವನು ನೆರಳಾಗಿ ಹೊರಗೇ ಉಳಿಯುವುದಿಲ್ಲ, ಒಳಗೆ ಬರಲು ಬಾಗಿಲು ತಟ್ಟುತ್ತಾನೆ. ತೆರೆಯದಿದ್ದರೆ ಬೀಗದ ತೂತಿನಿಂದ ನುಗ್ಗುತ್ತಾನೆ. ಕಥೆಯಲ್ಲಿ ನಿಜವಾಗಿಯೂ ಹಾಗೇ ಬರುತ್ತದೆ, ಮಂಜಿನ ಹಾಗೆ ತೂತಿನಲ್ಲಿ ತೂರಿ ಬಂದು ತೊಟ್ಟಿಲಲ್ಲಿ ಮಲಗುತ್ತಾನೆ. ಸಿಕ್ಕಿಬಿದ್ದಾಗ "ನಾನು ನಿನ್ನೆ ಹುಟ್ಟಿದವನು" ಎಂದು ವಾದಿಸುತ್ತಾನೆ. ಅಪ್ಪ ಜೀಯಸ್ ಕೇಳಿ ಜೋರಾಗಿ ನಗುತ್ತಾನೆ. ಆ ನಗುವೇ ಎಲೆ ಹಾಕಿದ ಹಾಗೆ.

ತಮ್ಮ ಸ್ವಲ್ಪ ಹೊತ್ತು ಸುಮ್ನೆ ಇದ್ದ. ಆಮೇಲೆ "ಅಪ್ಪ ಒಂದು ಸಲವೂ ನಗಲಿಲ್ಲ, ಅಲ್ವಾ?" ಅಂದ. ನಾನು ಚಪ್ಪಲಿಗೆ ಮೆತ್ತಿದ ಮಣ್ಣು ಕೆರೆಯತೊಡಗಿದೆ.

ಇಳಿದು ತ್ರಿಕಲಾಕ್ಕೆ ಬಂದಾಗ ಒಂದು ಆಟ ಆಡೋಣ ಅನ್ನಿಸಿತು. 2ನೇ ಶತಮಾನದ ಪ್ರವಾಸಿ ಲೇಖಕ ಪೌಸೇನಿಯಸ್, ಫಾರೈ ಎಂಬ ಊರಿನಲ್ಲಿ ಹರ್ಮೀಸನ ಕಣಿ ಕೇಳುವ ಪದ್ಧತಿ ಬರೆದಿದ್ದಾನೆ. ದೀಪಕ್ಕೆ ಎಣ್ಣೆ ಹಾಕಿ, ಕಾಸು ಇಟ್ಟು, ದೇವರ ಕಿವಿಯಲ್ಲಿ ಪ್ರಶ್ನೆ ಉಸುರಬೇಕು. ಕಿವಿ ಮುಚ್ಚಿಕೊಂಡು ಪೇಟೆಯಿಂದ ಹೊರಗೆ ಬಂದು ಕೈ ತೆಗೆಯಬೇಕು. ಮೊದಲು ಕಿವಿಗೆ ಬಿದ್ದ ಮಾತೇ ಉತ್ತರ. ದೇವರು ಬಾಯಿ ಬಿಡುವುದೇ ಇಲ್ಲ, ಯಾರೋ ಆಡಿದ ಮಾತಿಗೆ ಅರ್ಥ ಹಚ್ಚುವವರು ನಾವೇ.

ದೇವರ ಕಿವಿ ಇರಲಿಲ್ಲ, ಮನಸ್ಸಿನಲ್ಲೇ ಕೇಳಿದೆ: ಮ್ಯಾನೇಜರಿಗೆ ನಿಜ ಹೇಳಲಾ? ಕಿವಿ ಮುಚ್ಚಿಕೊಂಡು ಕಾಫಿ ಅಂಗಡಿಯವರೆಗೆ ನಡೆದು ಕೈ ತೆಗೆದೆ. ಹೊರಗೆ ಇಬ್ಬರು ಅಜ್ಜಂದಿರು ಕೂತು ಏನೋ ಮಾತಾಡುತ್ತಿದ್ದರು. ಒಬ್ಬರು ಏಳುತ್ತಾ "ಆವ್ರಿಯೊ" ಅಂದರು. ಅದಕ್ಕಿಂತ ಮುಂಚೆ ಎರಡು ಮಾತು ಕಿವಿಗೆ ಬಿದ್ದಿದ್ದವು ನಿಜ. ಅರ್ಥವಾಗದ್ದರಿಂದ ಲೆಕ್ಕಕ್ಕೆ ಹಿಡಿಯಲಿಲ್ಲ.

ಬಂದು ಮೂರು ವಾರವಾಯಿತು. ಇನ್ನೂ ಹೇಳಿಲ್ಲ.