ರೈತರ ಗ್ರೂಪ್ ಕಾಯುವ ಕೆಲಸ

ಮಂಡ್ಯ ತಾಲ್ಲೂಕಿನ ಒಂದು ರೈತ ಉತ್ಪಾದಕ ಕಂಪನಿಯಲ್ಲಿ ನನ್ನ ಕೆಲಸ. ಬಿತ್ತನೆ ಬೀಜ, ಗೊಬ್ಬರದ ದಾಸ್ತಾನು, ಷೇರುದಾರರ ಲೆಕ್ಕ ಇವೆಲ್ಲ ನೇಮಕಾತಿ ಪತ್ರದಲ್ಲಿವೆ. ಅದರಲ್ಲಿ ಇಲ್ಲದಿದ್ದರೂ ದಿನದ ಹೆಚ್ಚು ಹೊತ್ತು ತಿನ್ನುವುದು ಸದಸ್ಯರ ವಾಟ್ಸ್‌ಆ್ಯಪ್ ಗ್ರೂಪ್. ವಿಶ್ವೇಶ್ವರಯ್ಯ ನಾಲೆಗೆ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸಿ, ನೀರು ಬಿಡುವ ದಿನಗಳಲ್ಲಿ ಯಾವತ್ತು ನೀರು ಬರುತ್ತದೆ, ಯಾವತ್ತು ನಿಲ್ಲುತ್ತದೆ ಎಂಬ ಒಂದೇ ಸಾಲು ಎಲ್ಲರಿಗೂ ಬೇಕು. ಆ ಸಾಲು ಶುಭೋದಯದ ಹೂಗಳು, ನಿವೇಶನದ ಜಾಹೀರಾತು, ರಾಜಕೀಯದ ಜಗಳದ ಅಡಿಯಲ್ಲಿ ಹೂತುಹೋದರೆ ಯಾರದೋ ಗದ್ದೆಗೆ ಒಂದು ಸರದಿ ತಪ್ಪುತ್ತದೆ. ಹಾಗಾಗಿ ಗ್ರೂಪಿನಲ್ಲಿ ಕಸ ತೆಗೆಯುವುದೂ ನೀರಾವರಿ ಕೆಲಸವೇ ಎಂದು ನಮ್ಮ ನಿರ್ದೇಶಕರಿಗೆ ಹೇಳುತ್ತಿರುತ್ತೇನೆ. ಅವರು ನಗುತ್ತಾರೆ.

ಜಾಹೀರಾತಿಗೆ ಹೆಚ್ಚು ಯೋಚಿಸಬೇಕಿಲ್ಲ. ಅಳಿಸುವುದು, ಮತ್ತೆ ಹಾಕಿದರೆ ಹೊರಗೆ ಕಳಿಸುವುದು. ಎರಡು ಬಾಣದ ಗುರುತಿರುವ, ಅಂದರೆ ಹಲವು ಕೈ ದಾಟಿ ಬಂದ ಫಾರ್ವರ್ಡ್ ಸಂದೇಶ ಯಾವುದೇ ಆಗಲಿ, ನಮ್ಮಲ್ಲಿ ಹಾಕುವಂತಿಲ್ಲ. ಸುದ್ದಿ ನಿಜವೋ ಸುಳ್ಳೋ ಎಂದು ಯಾರೂ ತೀರ್ಪು ಕೊಡಬೇಕಾಗಿಲ್ಲ, ಬಾಣ ನೋಡಿದರೆ ಸಾಕು. ಈ ನಿಯಮ ಎಲ್ಲರಿಗೂ ಬೇಗ ಅರ್ಥವಾಯಿತು.

ಎಪಿಕೆ ಕಡತಗಳ, ಅಂದರೆ ಪ್ಲೇ ಸ್ಟೋರ್ ಬಿಟ್ಟು ಸಂದೇಶದಲ್ಲೇ ಬರುವ ಆ್ಯಪ್‌ಗಳ, ವಿಷಯ ಬೇರೆ. ‘ಪಿಎಂ ಕಿಸಾನ್ ಕಂತು ತಡೆಹಿಡಿಯಲಾಗಿದೆ, ಕೂಡಲೇ ಈ ಆ್ಯಪ್ ಹಾಕಿಕೊಳ್ಳಿ’ ಎಂದು ಬರುತ್ತದೆ. ವರ್ಷಕ್ಕೆ 6,000 ರೂಪಾಯಿ, ಮೂರು ಕಂತು. ಕಂತು ನಿಂತಿತು ಎಂದರೆ ಯಾರ ಬೆರಳಾದರೂ ಒತ್ತಿಬಿಡುತ್ತದೆ. ಹಾಕಿಕೊಂಡ ಮೇಲೆ ಆ ಆ್ಯಪ್ ಎಸ್‌ಎಂಎಸ್ ಓದುವ ಅನುಮತಿ ಕೇಳುತ್ತದೆ. ಕೊಟ್ಟರೆ ಬ್ಯಾಂಕಿನ ಒಟಿಪಿ ನೇರವಾಗಿ ಕಳ್ಳರ ಕೈಗೆ. ಇದನ್ನು ಕಳಿಸುವವರು ಹೊರಗಿನವರಲ್ಲ, ನಮ್ಮದೇ ಸದಸ್ಯರ ನಂಬರಿನಿಂದ ಬರುತ್ತದೆ. ‘ಮೊದಲು ಇವನನ್ನು ತೆಗೆಯಿರಿ ಮೇಡಂ’ ಎಂದು ಗ್ರೂಪಿನಲ್ಲಿ ಕೂಗು ಏಳುತ್ತದೆ. ನಾನು ಸಂದೇಶವನ್ನು ಯಾರಿಗೂ ಕಾಣದಂತೆ ಅಳಿಸಿ, ಆ ಸದಸ್ಯರಿಗೆ ಫೋನ್ ಮಾಡುತ್ತೇನೆ. ‘ನಾನೇನೂ ಕಳಿಸಿಲ್ಲ ತಾಯಿ, ಬೆಳಿಗ್ಗೆಯಿಂದ ಕಬ್ಬಿನ ಗದ್ದೆಯಲ್ಲಿದ್ದೇನೆ’ ಎಂಬ ಉತ್ತರ ಬಂದರೆ ಅವರೂ ಆ ಕಡತ ಒತ್ತಿದವರು, ಈಗ ಅವರ ಫೋನಿನಿಂದ ಅದು ತಾನಾಗಿ ಹೋಗುತ್ತಿದೆ ಎಂದು ಗೊತ್ತಾಗುತ್ತದೆ. ಮೊಬೈಲಿನ ಇಂಟರ್ನೆಟ್ ನಿಲ್ಲಿಸಿ, ಬೇರೊಂದು ಫೋನಿನಿಂದ ಬ್ಯಾಂಕಿಗೆ ಹೇಳಿ, ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ಎನ್ನುತ್ತೇನೆ. ಅಂಥವರನ್ನು ಎಲ್ಲರೆದುರು ಬೈದು ಹೊರಹಾಕಿದರೆ ಮುಂದೆ ಮೋಸಹೋದವರು ನಾಚಿಕೆಯಿಂದ ಬಾಯಿ ಬಿಡುವುದಿಲ್ಲ. ಆಗ ನಷ್ಟ ದೊಡ್ಡದು.

ನಿಜವಾಗಿ ತಲೆ ತಿನ್ನುವುದು ದಾರಿ ತಪ್ಪಿದ ಚರ್ಚೆ, ಏಕೆಂದರೆ ಅಲ್ಲಿ ಕಳ್ಳರು ಯಾರೂ ಇಲ್ಲ. ಕಳೆದ ಹಂಗಾಮಿನ ಒಂದು ಸಂಜೆಯನ್ನೇ ನೋಡಿ. ಯಾರೋ ‘ಕಟ್ಟೆ ಎಷ್ಟಿದೆ?’ ಎಂದು ಕೇಳಿದರು. ಕನ್ನಂಬಾಡಿ ಕಟ್ಟೆಯ (ಕೆಆರ್‌ಎಸ್ ಅಣೆಕಟ್ಟೆ) ಗರಿಷ್ಠ ಮಟ್ಟ 124.80 ಅಡಿ, ಇವತ್ತು ಇಷ್ಟು ಎಂದು ಉತ್ತರ ಬಂತು. ಅಲ್ಲಿಗೆ ಮುಗಿಯಬೇಕಿತ್ತು. ‘ತಮಿಳುನಾಡಿಗೆ 192 ಟಿಎಂಸಿ ಬಿಟ್ಟರೆ ನಮಗೇನು ಉಳಿಯುತ್ತದೆ’ ಎಂದರು ಒಬ್ಬರು. ‘192 ಅಲ್ಲ, 177’ ಎಂದರು ಇನ್ನೊಬ್ಬರು. 192 ಎಂಬುದು ಕಾವೇರಿ ನ್ಯಾಯಮಂಡಳಿಯ 2007ರ ಐತೀರ್ಪಿನ ಅಂಕಿ, 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು 177.25ಕ್ಕೆ ಇಳಿಸಿತು ಎಂದು ನಾನು ಬರೆದೆ. ಅಂಕಿಯ ಜಗಳ ನಿಂತಿತು, ಪಕ್ಷದ ಜಗಳ ಶುರುವಾಯಿತು. ಯಾವ ಸರ್ಕಾರ ಬಿಟ್ಟಿತು, ಯಾರು ಪ್ರತಿಭಟನೆಗೆ ಬಂದರು, ಯಾರು ಬರಲಿಲ್ಲ, ಕೊನೆಗೆ ಯಾರ ಅಪ್ಪ ಯಾವ ಪಕ್ಷದಲ್ಲಿದ್ದರು ಎಂಬಲ್ಲಿಗೆ ಹೋಯಿತು. ನಡುವೆ ಒಬ್ಬ ಹುಡುಗ ಭತ್ತದ ಗರಿಯ ಫೋಟೊ ಹಾಕಿ ‘ಇದು ಬೆಂಕಿ ರೋಗವೇ?’ ಎಂದು ಕೇಳಿದ್ದ. ಅವನಿಗೆ ಒಬ್ಬರೂ ಉತ್ತರಿಸಲಿಲ್ಲ.

ಆ ಫೋಟೊದ ಕಾರಣಕ್ಕೇ ನಾನು ಗ್ರೂಪನ್ನು ಪೂರ್ತಿ ಬಾಯಿ ಮುಚ್ಚಿಸಿಲ್ಲ. ನಿರ್ವಾಹಕರು ಮಾತ್ರ ಸಂದೇಶ ಹಾಕುವಂತೆ ಮಾಡಿದರೆ ನೆಮ್ಮದಿ ನಿಜ, ಆದರೆ ರೋಗ ಬಂದ ಗರಿ, ಗೊಣ್ಣೆ ಹುಳು ತಿಂದ ಕಬ್ಬಿನ ಬೇರು ನಮಗೆ ಕಾಣುವುದಿಲ್ಲ. ಈಗ ರಾತ್ರಿ ಮಾತ್ರ ಬೀಗ. ಜಗಳಗಳು ಬಿಸಿಯೇರುವುದು ಊಟದ ನಂತರವೇ.

ಚರ್ಚೆಗೆಂದೇ ಇನ್ನೊಂದು ಗ್ರೂಪ್ ಮಾಡಿ ಎಂದು ಎಲ್ಲರೂ ಸಲಹೆ ಕೊಡುತ್ತಾರೆ. ಮಾಡಿದೆವು. ಅಲ್ಲಿ ಯಾರೂ ಮಾತನಾಡಲಿಲ್ಲ. ವಾದ ಮಾಡುವವರಿಗೆ ಬೇಕಾದದ್ದು ಜಾಗವಲ್ಲ, ಕೇಳುವ ಜನ. ಗ್ರೂಪಿನಲ್ಲೇ ‘ವಿಷಯಕ್ಕೆ ಬನ್ನಿ’ ಎಂದು ಬರೆದರೂ ಪ್ರಯೋಜನವಿಲ್ಲ. ಊರಿನ ಹಿರಿಯರಿಗೆ ಎಲ್ಲರೆದುರು ಹಾಗೆಂದರೆ ಅದು ಮರ್ಯಾದೆಯ ಪ್ರಶ್ನೆಯಾಗಿ ಇನ್ನೂ ಹತ್ತು ಸಂದೇಶ ಬರುತ್ತವೆ. ನಾನು ಫೋನ್ ಮಾಡುತ್ತೇನೆ. ‘ಅಣ್ಣ, ನೀವು ಹೇಳುವುದು ಸರಿಯಿರಬಹುದು, ಆದರೆ ನಾಲೆಯ ಸುದ್ದಿ ಮೇಲಕ್ಕೆ ಹೋಗಿಬಿಟ್ಟಿದೆ’ ಎಂದರೆ ಸಾಕು, ಹೆಚ್ಚಿನವರು ತಾವೇ ಅಳಿಸುತ್ತಾರೆ.

ಬೇರೆ ಸದಸ್ಯರ ಸಂದೇಶಕ್ಕೆ ಅಡ್ಮಿನ್ ಜೈಲಿಗೆ ಹೋಗಬೇಕಾಗುತ್ತದೆ ಎಂಬ ಹೆದರಿಕೆಯೂ ಗ್ರೂಪುಗಳಲ್ಲೇ ಹರಿದಾಡುತ್ತದೆ. ಸದಸ್ಯರ ಆಕ್ಷೇಪಾರ್ಹ ಸಂದೇಶಕ್ಕೆ ಅಡ್ಮಿನ್ ಹೊಣೆಯಲ್ಲ ಎಂದು ಕೇರಳ ಹೈಕೋರ್ಟ್ 2022ರಲ್ಲೇ ಹೇಳಿದೆ. ನಾನು ಅಳಿಸುವುದು ಹೆದರಿ ಅಲ್ಲ.

ಎಲ್ಲರಿಗಿಂತ ಹೆಚ್ಚು ವಾದ ಮಾಡುತ್ತಿದ್ದ ಒಬ್ಬ ಯಜಮಾನರಿಗೆ ಈಗ ಒಂದು ಕೆಲಸ ಒಪ್ಪಿಸಿದ್ದೇವೆ. ದಿನಾ ಬೆಳಿಗ್ಗೆ ಕಟ್ಟೆಯ ಮಟ್ಟ, ಒಳಹರಿವು, ಹೊರಹರಿವು ಹಾಕುವುದು ಅವರೇ. ಹೊರಹರಿವಿನ ಪಕ್ಕದಲ್ಲಿ ಸರ್ಕಾರಕ್ಕೆ ಒಂದು ಕುಟುಕು ಸಾಲು ಇದ್ದೇ ಇರುತ್ತದೆ. ಅದನ್ನು ನಾನು ಮುಟ್ಟುವುದಿಲ್ಲ. ಅದಕ್ಕೆ ಇನ್ನೊಬ್ಬರು ಉತ್ತರ ಕೊಟ್ಟು, ಮೂರನೆಯವರೂ ಸೇರಿಕೊಂಡಾಗ ಮಾತ್ರ ಫೋನ್ ಎತ್ತಿಕೊಳ್ಳುತ್ತೇನೆ.